ತಳದಲ್ಲಿ 1526 ಎಂದಿದ್ದರೆ ಬಿಯರ್ ಮಗ್ಗಿಗೆ 500 ವರ್ಷವೇ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಮನೆಯ ಓನರ್ ಅಜ್ಜಿ ವೃದ್ಧಾಶ್ರಮಕ್ಕೆ ಹೋಗುವ ಮುಂಚೆ ಮೂರು ಹಳೆ ಬಿಯರ್ ಮಗ್ಗುಗಳನ್ನು ನನಗೆ ಕೊಟ್ಟರು. ಮೂರಕ್ಕೂ ಲೋಹದ ಮುಚ್ಚಳವಿದೆ. ಮೊದಲನೆಯದು ಬೂದು-ನೀಲಿ ಬಣ್ಣದ್ದು. ಹೊಟ್ಟೆಯ ಮೇಲೆ 1591 ಎಂಬ ಉಬ್ಬು ಅಂಕಿ ಇದೆ. ಬಾಯಿಯ ಹತ್ತಿರ ಒಂದು ಗೆರೆ, ಪಕ್ಕದಲ್ಲಿ ‘½ ಎಲ್’ ಎಂದು ಕೊರೆದಿದ್ದಾರೆ. ಎರಡನೆಯದರ ಮೇಲೆ ಕುಡಿಯುತ್ತಾ ಕೂತವರ ಬಣ್ಣದ ಚಿತ್ರ. ತಳದಲ್ಲಿ 1526 ಎಂದು ಒತ್ತಿದ್ದಾರೆ, ಜೊತೆಗೆ ರೆಕ್ಕೆಯ ಟೋಪಿ ಹಾಕಿದ ತಲೆಯ ಹಸಿರು ಮುದ್ರೆ. ಒಳಗೆ ಬಾಯಿಯಿಂದ ಕೆಳಕ್ಕೆ ಕೂದಲಿನಂಥ ಒಂದು ಗೆರೆ ಕಾಣುತ್ತದೆ, ಮುಚ್ಚಳವೂ ಅಲ್ಲಾಡುತ್ತದೆ. ಮೂರನೆಯದು ಸೈನಿಕರ ಚಿತ್ರದ್ದು, ‘1904–06’ ಎಂದು ಬರೆದಿದೆ. ಅದರ ತಳವನ್ನು ಬೆಳಕಿಗೆ ಹಿಡಿದರೆ ಬೆತ್ತಲೆ ಹೆಂಗಸಿನ ಚಿತ್ರ ಕಾಣುತ್ತದೆ! ಆಫೀಸಿನ ಗೆಳೆಯರೊಬ್ಬರು ‘ಇವು ನಾನೂರು, ಐನೂರು ವರ್ಷದವು, ಲಕ್ಷಾಂತರ ಬೆಲೆ’ ಎನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ಇಂಥದ್ದೇ ಒಂದಕ್ಕೆ 2,000 ಯೂರೋ ಹಾಕಿದ್ದರು. ನಮ್ಮ ಯಜಮಾನರು ಮುಚ್ಚಳ ಪಾಲಿಶ್ ಮಾಡಿ ಬಳಸೋಣ ಅನ್ನುತ್ತಿದ್ದಾರೆ. ಅಷ್ಟು ಬೆಲೆಯದ್ದಾದರೆ ಅಜ್ಜಿಗೆ ವಾಪಸ್ ಕೊಡಬೇಕಲ್ವಾ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಗೊತ್ತಿಲ್ಲದೆ ಬೆಲೆಬಾಳುವ ವಸ್ತುವನ್ನು ಹಾಳು ಮಾಡಿಬಿಡುತ್ತೇವೇನೋ ಎಂಬುದು ಒಂದು. ಅಜ್ಜಿಗೆ ಅರಿವಿಲ್ಲದೆ ಅವರ ಆಸ್ತಿ ನಿಮ್ಮ ಮನೆಗೆ ಬಂದು ಕೂತಿದೆಯೇನೋ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಕಳೆಯುತ್ತೇನೆ. ನೀವು ಪತ್ರದ ಜೊತೆ ಕಳಿಸಿದ ಫೋಟೋ ನೋಡಿದ ಮಟ್ಟಿಗೆ ಮೂರರಲ್ಲಿ ಯಾವುದೂ ಐನೂರು ವರ್ಷದ್ದಲ್ಲ. ಎರಡಕ್ಕೆ ನೂರು ವರ್ಷ ದಾಟಿದೆ. ಮೂರನೆಯದು ಬಹುಶಃ ನಿಮ್ಮ ತಂದೆಯ ವಯಸ್ಸಿನದ್ದು. ಮೂರನ್ನೂ ಸೇರಿಸಿದರೂ ಲಕ್ಷ ರೂಪಾಯಿಯ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಕಸಕ್ಕೆ ಹಾಕುವಂಥವೂ ಅಲ್ಲ.

ಹರಾಜಿಗೆ ಬರುವ ಪಿಂಗಾಣಿ ಮತ್ತು ಮಣ್ಣಿನ ಸಾಮಾನು ಪರೀಕ್ಷಿಸುವುದು ನನ್ನ ಕೆಲಸ. ಬಿಯರ್ ಮಗ್ಗು ಹಿಡಿದು ಬರುವವರಲ್ಲಿ ಹೆಚ್ಚಿನವರು ಮೊದಲು ತೋರಿಸುವುದು ಅಂಕಿಯನ್ನೇ. ಮಗ್ಗಿನ ಮೇಲಿನ ನಾಲ್ಕಂಕಿ ಕಂಡ ಕೂಡಲೇ ಇಸವಿ ಅನಿಸುವುದು ಸಹಜ. ಆದರೆ ಈ ವಸ್ತುಗಳಲ್ಲಿ ಅಂಕಿಯಷ್ಟು ದಾರಿ ತಪ್ಪಿಸುವುದು ಬೇರೆ ಯಾವುದೂ ಇಲ್ಲ.

ನಿಮ್ಮ ಎರಡನೇ ಮಗ್ಗನ್ನೇ ತೆಗೆದುಕೊಳ್ಳಿ. ರೆಕ್ಕೆಯ ಟೋಪಿಯ ತಲೆ ರೋಮನ್ನರ ವ್ಯಾಪಾರದ ದೇವರು ಮರ್ಕ್ಯುರಿಯದ್ದು. ಅದು ವಿಲೆರಾಯ್ ಅಂಡ್ ಬಾಖ್ ಕಂಪನಿಯ ಮೆಟ್ಲಾಖ್ ಕಾರ್ಖಾನೆಯ ಮುದ್ರೆ. ಮೆಟ್ಲಾಖ್ ಎಂಬುದು ಸಾರ್ ನದಿಯ ದಂಡೆಯ ಊರು. ಅಲ್ಲಿನ ಹಳೆಯ ಬೆನೆಡಿಕ್ಟೈನ್ ಮಠದ ಕಟ್ಟಡವನ್ನು 1809ರಲ್ಲಿ ಬಾಖ್ ಕುಟುಂಬದವರು ಕೊಂಡು ಕಾರ್ಖಾನೆ ಮಾಡಿದರು. 1836ರಲ್ಲಿ ವಿಲೆರಾಯ್ ಕುಟುಂಬದ ವ್ಯವಹಾರವೂ ಜೊತೆಗೂಡಿತು. ಅಂದಮೇಲೆ 1526ರಲ್ಲಿ ಈ ಮುದ್ರೆ ಎಲ್ಲಿಂದ ಬಂತು? 1526 ಎಂಬುದು ಅಚ್ಚಿನ ನಂಬರ್. ಕಾರ್ಖಾನೆಯಲ್ಲಿ ಪ್ರತಿ ಆಕಾರಕ್ಕೂ ಒಂದು ನಂಬರ್ ಇತ್ತು. 1526 ಅವರು ಧಾರಾಳವಾಗಿ ಬಳಸಿದ, ಸಾದಾ ಗೋಡೆಯ ಆಕಾರ. ಹಾಗೇ 1909 ಎಂಬ ಇನ್ನೊಂದು ಆಕಾರವೂ ಇದೆ. ಅದನ್ನು 1909ನೇ ಇಸವಿ ಎಂದು ಓದುವವರೂ ಬೇಕಾದಷ್ಟಿದ್ದಾರೆ. ಅದು ನಂಬುವಂತೆ ಕಾಣುವ ಇಸವಿ ಬೇರೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ.

ನಿಜವಾದ ಇಸವಿ ಅದೇ ತಳದಲ್ಲೇ ಇದೆ, ಆದರೆ ಚಿಕ್ಕದಾಗಿ. ಮೆಟ್ಲಾಖ್‌ನವರು ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳನ್ನು ಮಾತ್ರ ಒತ್ತುತ್ತಿದ್ದರು. ನಿಮ್ಮ ಫೋಟೋದಲ್ಲಿ ಅಂಚಿಗೆ 93 ಎಂದು ಕಾಣುತ್ತಿದೆ. ಅಂದರೆ 1893. ಕಾರ್ಖಾನೆಯ ಒಳ್ಳೆಯ ಕಾಲ ಅದು. ಸುಮಾರು 1880ರಿಂದ 1910ರವರೆಗೆ ಅಲ್ಲಿ ಅತ್ಯುತ್ತಮ ಮಗ್ಗುಗಳು ತಯಾರಾದವು. 1921ರಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ಅಚ್ಚುಗಳೂ ದಾಖಲೆಗಳೂ ಬಹಳಷ್ಟು ಹೋದವು.

ಮೆಟ್ಲಾಖ್ ಎಂದ ಕೂಡಲೇ ದುಬಾರಿ ಎಂಬ ಮಾತಿದೆ. ಅದು ಅರ್ಧ ಸತ್ಯ. ಅಲ್ಲಿ ಹಲವು ವಿಧಾನಗಳಲ್ಲಿ ಅಲಂಕಾರ ಮಾಡುತ್ತಿದ್ದರು. ಎರಡನ್ನು ನೀವೇ ಬೆರಳಲ್ಲಿ ಗುರುತಿಸಬಹುದು. ಚಿತ್ರದ ಮೇಲೆ ಉಗುರು ಆಡಿಸಿ. ಒಂದೊಂದು ಬಣ್ಣದ ಸುತ್ತ ಕೊರೆದ ಕಪ್ಪು ಗೆರೆ ಉಗುರಿಗೆ ತಡೆಯುತ್ತಿದ್ದರೆ ಅದು ಕೊರೆತದ ಕೆಲಸ. ಸಂಗ್ರಾಹಕರು ಹುಡುಕುವುದು ಇದನ್ನು. ಚಿತ್ರ ನುಣ್ಣಗೆ ಗಾಜಿನ ಹೊಳಪಿನ ಕೆಳಗೆ ಕೂತಿದ್ದರೆ ಅದು ಮೊದಲು ಚಿತ್ರ ಅಚ್ಚೊತ್ತಿ, ಆಮೇಲೆ ಮೇಲೆ ಹೊಳಪು ಹಾಕಿ ಸುಟ್ಟದ್ದು. ಅವನ್ನು ಜಾಸ್ತಿ ಸಂಖ್ಯೆಯಲ್ಲಿ ಮಾಡಿದರು, ಬೆಲೆಯೂ ಕಡಿಮೆ. ನಿಮ್ಮದು ಈ ಎರಡನೇ ಜಾತಿ. 1526ರ ಆಕಾರ ಹೆಚ್ಚಾಗಿ ಇಂಥ ಅಚ್ಚಿನ ಚಿತ್ರಕ್ಕೇ ಬಳಕೆಯಾಗುತ್ತಿತ್ತು. ಇಂಥ ಮಗ್ಗಿನಲ್ಲಿ ಚಿತ್ರಕ್ಕೆ ಬೇರೆ ನಂಬರ್ ಇರುತ್ತದೆ. ಅದು ಒತ್ತಿದ್ದಲ್ಲ, ಮುದ್ರೆಯ ಜೊತೆ ಬಣ್ಣದಲ್ಲಿ ಅಚ್ಚಾಗಿರುತ್ತದೆ. ಬೆಲೆ ಗೊತ್ತಾಗಬೇಕಾದರೆ ಬೇಕಾದದ್ದು ಆ ನಂಬರ್. ಒಂದೇ ಆಕಾರದ ಮೇಲೆ ನೂರಾರು ಚಿತ್ರಗಳು ಬಂದಿವೆ. ಹೈನ್‌ರಿಖ್ ಶ್ಲಿಟ್ ಬರೆದ ಕುಳ್ಳರ ಚಿತ್ರಗಳಿಗೆ ಜನ ಮುಗಿಬೀಳುತ್ತಾರೆ. ಹೋಟೆಲಿನಲ್ಲಿ ಕೂತು ಕುಡಿಯುವವರ ಸಾಮಾನ್ಯ ಚಿತ್ರಕ್ಕೆ ಅಷ್ಟಿಲ್ಲ.

ಈಗ ಆ ಕೂದಲು ಗೆರೆ. ಮಗ್ಗನ್ನು ಒಂದು ಕೈಯಲ್ಲಿ ಹಿಡಿಯಿಂದ ಎತ್ತಿ, ಮುಚ್ಚಳವನ್ನು ಇನ್ನೊಬ್ಬರಿಗೆ ಹಿಡಿಯಲು ಹೇಳಿ, ಬಾಯಿಯ ಅಂಚಿಗೆ ಬೆರಳಗಂಟಿನಿಂದ ಮೆಲ್ಲಗೆ ತಟ್ಟಿ. ಠಣ್ ಎಂದರೆ ಒಳ್ಳೆಯದು, ಅದು ಮೇಲ್ಮೈ ಹೊಳಪಿನ ಬಿರುಕು ಮಾತ್ರ ಇರಬಹುದು. ಡಬ್ ಎಂದರೆ ಬಿರುಕು ಗೋಡೆಗೇ ಇಳಿದಿದೆ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಇದ್ದರೆ ಕತ್ತಲಲ್ಲಿ ಹಿಡಿದು ನೋಡಿ. ಹಿಂದೆ ಯಾರಾದರೂ ಅಂಟು ಹಾಕಿ ಬಣ್ಣ ಬಳಿದಿದ್ದರೆ ಆ ಜಾಗ ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಚೆನ್ನಾಗಿರುವ ಇಂಥ ಅರ್ಧ ಲೀಟರ್ ಮಗ್ಗಿಗೆ ಇವತ್ತಿನ ಹರಾಜಿನಲ್ಲಿ ಸುಮಾರು 80ರಿಂದ 150 ಯೂರೋ ಸಿಗಬಹುದು. ಬಿರುಕು ನಿಜವಾಗಿದ್ದರೆ ಅರ್ಧಕ್ಕಿಂತ ಕೆಳಗೆ. ಸಾಮಾನ್ಯ ಮಗ್ಗಾದರೆ ಕೊಳ್ಳುವವರು ಬಿರುಕಿಲ್ಲದ ಇನ್ನೊಂದನ್ನು ಕಾಯುತ್ತಾರೆ, ಅಷ್ಟೇ.

ಮೊದಲನೇ ಮಗ್ಗು ನನಗೆ ಇಷ್ಟವಾಯಿತು. ಬೂದು ಮೈ, ಕೋಬಾಲ್ಟ್ ನೀಲಿ, ಕಿತ್ತಳೆ ಸಿಪ್ಪೆಯಂಥ ಸಣ್ಣ ಗುಳಿಗಳ ಹೊಳಪು. ಇದು ರೈನ್ ನದಿಯ ಪೂರ್ವಕ್ಕಿರುವ ವೆಸ್ಟರ್‌ವಾಲ್ಡ್ ಪ್ರದೇಶದ ಕೆಲಸ. ಹೋರ್-ಗ್ರೆನ್ಸ್‌ಹೌಸೆನ್ ಅದರ ಮುಖ್ಯ ಊರು. ಅಲ್ಲಿನ ಮಣ್ಣು ಸುಮಾರು 1,200 ಡಿಗ್ರಿ ಶಾಖಕ್ಕೂ ಮೇಲೆ ಸುಟ್ಟು ನೀರು ಕುಡಿಯದಂತೆ ಗಟ್ಟಿಯಾಗುತ್ತದೆ. ಒಲೆ ಅತಿ ಕಾದಾಗ ಒಳಕ್ಕೆ ಉಪ್ಪು ಎಸೆಯುತ್ತಿದ್ದರು. ಉಪ್ಪಿನ ಸೋಡಿಯಂ ಮಣ್ಣಿನಲ್ಲಿರುವ ಸಿಲಿಕಾ ಜೊತೆ ಸೇರಿ ಗಾಜಿನಂತೆ ಕೂರುತ್ತಿತ್ತು. ಹದಿನಾರನೇ ಶತಮಾನದ ಕೊನೆಗೆ ರೇರೆನ್, ಸೀಗ್‌ಬುರ್ಗ್ ಊರುಗಳ ಕುಂಬಾರರು ಇಲ್ಲಿಗೆ ಬಂದು ನೆಲೆಸಿದ ಮೇಲೆ ಈ ಬೂದು-ನೀಲಿ ಶೈಲಿ ಹೆಸರಾಯಿತು. ಹಾಗಾಗಿ ನಿಮ್ಮ ಗೆಳೆಯರು 1591 ನೋಡಿ ಬೆರಗಾದದ್ದರಲ್ಲಿ ತಪ್ಪಿಲ್ಲ.

ಆದರೆ ಅದೇ ಮಗ್ಗಿನ ಬಾಯಿಯ ಹತ್ತಿರ ‘½ ಎಲ್’ ಇದೆಯಲ್ಲ! 1591ರಲ್ಲಿ ಲೀಟರ್ ಎಂಬ ಅಳತೆಯೇ ಹುಟ್ಟಿರಲಿಲ್ಲ. ಅದು ಬಂದದ್ದು ಫ್ರೆಂಚ್ ಕ್ರಾಂತಿಯ ಕಾಲಕ್ಕೆ. ಜರ್ಮನಿಯಲ್ಲಿ ಮೆಟ್ರಿಕ್ ಅಳತೆ ಕಡ್ಡಾಯವಾದದ್ದು 1872ರಲ್ಲಿ. ಅದಕ್ಕೂ ಮುಂಚೆ ಒಂದೊಂದು ಸೀಮೆಗೆ ಒಂದೊಂದು ಅಳತೆ. ಬವೇರಿಯಾದ ‘ಮಾಸ್’ ಎಂಬ ಹಳೆಯ ಅಳತೆ ಲೀಟರಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಬಿಯರ್ ಮಾರುವ ಅಂಗಡಿಯವರು ಅಳತೆಯಲ್ಲಿ ಮೋಸ ಮಾಡಬಾರದೆಂದು 1881ರಲ್ಲಿ ಕಾನೂನು ಬಂತು. ಮಗ್ಗಿನ ಮೇಲೆ ಗೆರೆ ಹಾಕಿ ಎಷ್ಟು ಹಿಡಿಸುತ್ತದೆ ಎಂದು ಬರೆಯಬೇಕು ಎಂಬ ಆ ನಿಯಮ 1884ರ ಜನವರಿಯಿಂದ ಜಾರಿಯಾಯಿತು. ಗೆರೆ ಇದ್ದರೆ ಸಾಮಾನ್ಯವಾಗಿ ಆಮೇಲಿನದ್ದು ಅನ್ನಬಹುದು. ಗೆರೆ ಇಲ್ಲ ಎಂದ ಮಾತ್ರಕ್ಕೆ ಅದಕ್ಕೂ ಹಳೆಯದು ಎನ್ನುವ ಹಾಗಿಲ್ಲ. ಮನೆ ಬಳಕೆಗೆ, ಹೊರದೇಶಕ್ಕೆ ಮಾಡಿದವುಗಳಿಗೆ ಗೆರೆ ಬೇಕಿರಲಿಲ್ಲ. ಇವತ್ತಿನ ಮಗ್ಗುಗಳಿಗೂ ಗೆರೆ ಇರುತ್ತದೆ. ಪಕ್ಕದಲ್ಲಿ ‘ಸಿಇ’ ಎಂಬ ಯುರೋಪಿನ ಗುರುತೂ ಇದ್ದರೆ ಅದು ಮೊನ್ನೆ ಮೊನ್ನೆಯದ್ದು.

ಹಾಗಾದರೆ 1591 ಯಾಕೆ ಹಾಕಿದರು? ಮೋಸಕ್ಕಲ್ಲ. 1871ರಲ್ಲಿ ಜರ್ಮನಿ ಒಂದೇ ಸಾಮ್ರಾಜ್ಯವಾದ ಮೇಲೆ ಅಲ್ಲಿನ ಮಧ್ಯಮ ವರ್ಗದವರಿಗೆ ಹಳೆಯ ಕಾಲದ ಹುಚ್ಚು ಹಿಡಿಯಿತು. ಮನೆಯ ಕುರ್ಚಿ, ಕಪಾಟು, ಮಗ್ಗು ಎಲ್ಲವೂ ಮುನ್ನೂರು ವರ್ಷ ಹಿಂದಿನಂತೆ ಕಾಣಬೇಕು. ಹೋರ್-ಗ್ರೆನ್ಸ್‌ಹೌಸೆನ್ ಕಡೆಯ ರೈನ್‌ಹೋಲ್ಡ್ ಹಾಂಕೆ, ರೈನ್‌ಹೋಲ್ಡ್ ಮೆರ್ಕೆಲ್‌ಬಾಖ್ ಮುಂತಾದ ಕಾರ್ಖಾನೆಗಳು ಹಳೆಯ ಹೂಜಿ, ಮಗ್ಗುಗಳ ಮಾದರಿಯಲ್ಲಿ ಹೊಸವನ್ನು ತೆಗೆದವು. ಮೂಲದ ಮೇಲಿದ್ದ ಇಸವಿಯೂ ಅಚ್ಚಿನ ಜೊತೆಗೇ ಬಂತು. ನಿಜವಾಗಿ 1591ರದ್ದಾಗಿದ್ದರೆ ಅದು ತಿಗರಿಯ ಮೇಲೆ ಎತ್ತಿದ್ದು, ಅಲ್ಲಲ್ಲಿ ಸೊಟ್ಟ, ತಳದಲ್ಲಿ ದಾರದಿಂದ ಕತ್ತರಿಸಿದ ಗುರುತು ಇರುತ್ತಿತ್ತು. ನಿಮ್ಮದರ ತಳ ಸಪಾಟಾಗಿದೆ, ಮೂರಂಕಿಯ ಅಚ್ಚಿನ ನಂಬರ್ ಇದೆ. 1885–1910ರ ನಡುವಿನದ್ದು ಎಂದು ನನ್ನ ಅಂದಾಜು. 60ರಿಂದ 120 ಯೂರೋ.

ಇದೇ ಬೂದು-ನೀಲಿ ಮಗ್ಗುಗಳನ್ನು ಎರಡನೇ ಮಹಾಯುದ್ಧದ ನಂತರವೂ ಲೆಕ್ಕವಿಲ್ಲದಷ್ಟು ಮಾಡಿದ್ದಾರೆ. ಅಮೆರಿಕನ್ ಸೈನಿಕರು, ಪ್ರವಾಸಿಗರು ಹೊತ್ತುಕೊಂಡು ಹೋದರು. ನಮ್ಮ ಬೆಂಗಳೂರಿನಿಂದ ಜರ್ಮನಿಗೆ ತರಬೇತಿಗೆಂದು ಹೋದ ಎಂಜಿನಿಯರುಗಳ ಮನೆಯ ಶೋಕೇಸಿನಲ್ಲಿ ಕೂತಿರುವುದು ಹೆಚ್ಚಾಗಿ ಇವೇ. ತಳದಲ್ಲಿ ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949–1990ರ ನಡುವಿನದ್ದು, ಅದರಲ್ಲಿ ಅನುಮಾನವಿಲ್ಲ. ‘ಯು.ಎಸ್. ಝೋನ್’ ಎಂದಿದ್ದರೆ ಯುದ್ಧ ಮುಗಿದ ಕೂಡಲಿನ ನಾಲ್ಕು ವರ್ಷದ್ದು. ಬರೀ ‘ಜರ್ಮನಿ’ ಎಂದಿದ್ದರೆ 1891ರ ನಂತರದ್ದು ಎನ್ನುವಷ್ಟೇ ಹೇಳಬಹುದು. ಆ ವರ್ಷದಿಂದ ಅಮೆರಿಕಕ್ಕೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕಿತ್ತು. ತಳದಲ್ಲಿ ಸಂಗೀತದ ಪೆಟ್ಟಿಗೆ ಇದ್ದರೆ, ಎತ್ತಿದಾಗ ಹಾಡಿದರೆ, ಮಕ್ಕಳಿಗೆ ಕೊಡಿ.

ಮುಚ್ಚಳ ಇದ್ದರೆ ಹಳೆಯದು ಎಂಬುದೂ ಸುಳ್ಳು. ಮುಚ್ಚಳದ ಮಗ್ಗನ್ನು ಇವತ್ತೂ ಮಾಡುತ್ತಾರೆ. ಆದರೆ ಮುಚ್ಚಳ ಬೇರೆ ವಿಷಯ ಹೇಳುತ್ತದೆ. ಮಗ್ಗು ಸುಟ್ಟಾದ ಮೇಲೆ ಪ್ಯೂಟರ್ ಕೆಲಸದವನು ಹಿಡಿಗೆ ಪಟ್ಟಿ ಸುತ್ತಿ ಮುಚ್ಚಳ ಕೂರಿಸುತ್ತಿದ್ದ. ಪ್ಯೂಟರ್ ಎಂದರೆ ತವರಕ್ಕೆ ಬೇರೆ ಲೋಹ ಬೆರೆಸಿದ್ದು. ಮೆತ್ತನೆ ಲೋಹ, ಹಾಗಾಗಿ ಹೆಬ್ಬೆರಳು ಒತ್ತುವ ಜಾಗದ ಬುಡದಲ್ಲಿ ಹರಿಯುತ್ತದೆ. ನಿಮ್ಮ ಎರಡನೆಯದು ಅಲ್ಲಾಡುವುದಕ್ಕೆ ಅದೇ ಕಾರಣ ಇರಬೇಕು. ಹಳೆಯ ಮಗ್ಗಿಗೆ ಹೊಸ ಮುಚ್ಚಳ, ಅಥವಾ ಒಂದರ ಮುಚ್ಚಳ ಇನ್ನೊಂದಕ್ಕೆ ಕೂರಿಸುವುದು ಮಾರುಕಟ್ಟೆಯಲ್ಲಿ ಮಾಮೂಲು. ಮುಚ್ಚಳದ ಅಂಚು ಬಾಯಿಗೆ ಸರಿಯಾಗಿ ಕೂರುತ್ತದೆಯೇ, ಹಿಡಿಯ ಸುತ್ತ ಹೊಸ ಬೆಸುಗೆ ಇದೆಯೇ ನೋಡಿ. ಒಳಗೆ ‘ಶೇ. 95 ತವರ’ ಎಂಬರ್ಥದ ಮುದ್ರೆ ಇದ್ದರೆ ಮುಚ್ಚಳವಾದರೂ ಇತ್ತೀಚಿನದ್ದು. ಮುಚ್ಚಳದ ಮೇಲೆ ಕೈಯಿಂದ ಕೆತ್ತಿದ ಹೆಸರು, ತಾರೀಕು ಇದ್ದರೆ ಅದು ಯಾರಿಗೋ ಕೊಟ್ಟ ಉಡುಗೊರೆಯ ದಿನ. ನನ್ನ ಅನುಭವದಲ್ಲಿ ಉಬ್ಬು ಅಚ್ಚಿನ ಇಸವಿಗಿಂತ ಈ ಕೆತ್ತನೆಯ ತಾರೀಕು ನಂಬಿಕೆಗೆ ಹೆಚ್ಚು ಅರ್ಹ.

ಇನ್ನು ಸೈನಿಕರ ಮಗ್ಗು. ಇದರ ಕಥೆ ಚೆನ್ನಾಗಿದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯಲ್ಲಿ ಕಡ್ಡಾಯ ಸೇನಾ ಸೇವೆ ಇತ್ತು. ಕಾಲಾಳುಗಳಿಗೆ ಎರಡು ವರ್ಷ, ಕುದುರೆ ಪಡೆಯವರಿಗೆ ಮೂರು. ಸೇವೆ ಮುಗಿಸಿ ಊರಿಗೆ ಹೊರಡುವ ಹುಡುಗರು ನೆನಪಿಗೆಂದು ದುಡ್ಡು ಕೊಟ್ಟು ಮಗ್ಗು ಮಾಡಿಸುತ್ತಿದ್ದರು. ಅದರ ಮೇಲೆ ತನ್ನ ಹೆಸರು, ರೆಜಿಮೆಂಟು, ಠಾಣೆಯ ಊರು, ಸೇವೆಯ ವರ್ಷ, ಹಿಡಿಯ ಎರಡೂ ಕಡೆ ಜೊತೆಗಾರರ ಹೆಸರಿನ ಪಟ್ಟಿ. ಮುಚ್ಚಳದ ಮೇಲೆ ಸೈನಿಕನೋ ಕುದುರೆಯೋ ಇರುವ ಗೊಂಬೆ. ಪಿಂಗಾಣಿಯ ತಳವನ್ನು ದಪ್ಪ-ತೆಳು ಮಾಡಿ ಬೆಳಕಿಗೆ ಹಿಡಿದರೆ ಚಿತ್ರ ಮೂಡುವಂತೆ ಮಾಡುತ್ತಿದ್ದರು. ಸಾಮಾನ್ಯವಾಗಿ ಹುಡುಗಿಗೆ ವಿದಾಯ ಹೇಳುವ ಸೈನಿಕ, ಮನೆಗೆ ಮರಳುವ ಸೈನಿಕ, ಇಂಥವು.

ಬೆತ್ತಲೆ ಹೆಂಗಸಿನ ತಳ ಮಾತ್ರ ಸಂಗ್ರಾಹಕರಿಗೆಲ್ಲ ಗೊತ್ತಿರುವ ನಕಲಿನ ಗುರುತು. ಎರಡನೇ ಮಹಾಯುದ್ಧದ ನಂತರ ಪ್ರವಾಸಿಗರಿಗೆಂದು ಮಾಡಿದ ಮಗ್ಗುಗಳಿಗೆ ಇದನ್ನು ಹಾಕಿದರು. ನಂಬಿಕೆ ಬರದಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಹಳೆಯದರಲ್ಲಿ ಚಿತ್ರದ ಹೊರಗೆರೆ ಅಚ್ಚಾಗಿದ್ದರೂ ಬಣ್ಣ ತುಂಬಿದ್ದು ಕೈಯಿಂದ. ಕುಂಚದ ಏರುಪೇರು ಕಾಣುತ್ತದೆ. ಹೆಸರೂ ಕೈಬರಹ. ನಿಮ್ಮದರಲ್ಲಿ ಪತ್ರಿಕೆಯ ಫೋಟೋದಲ್ಲಿರುವಂತೆ ಚುಕ್ಕಿಗಳೇ ಕಾಣುತ್ತವೆ. ಅಷ್ಟೇ ಅಲ್ಲ, ವಿಮಾನ ಪಡೆ, ಮೆಷಿನ್‌ಗನ್ ಪಡೆಯಂಥ ಅಪರೂಪದ ಘಟಕಗಳ ಮಗ್ಗುಗಳಿಗೆ ಬೆಲೆ ಹೆಚ್ಚು, ನಕಲು ಮಾಡುವವರು ಆರಿಸಿಕೊಳ್ಳುವುದೂ ಅವನ್ನೇ. ಅಸಲಿ ಕಾಲಾಳು ಮಗ್ಗಿಗೆ ಸುಮಾರು 200ರಿಂದ 400 ಯೂರೋ ನಡೆಯುತ್ತದೆ. ನಿಮ್ಮದಕ್ಕೆ 30–40 ಬಂದರೆ ಸಾಕು. ಅಜ್ಜಿಯಾಗಲಿ ಅವರ ಯಜಮಾನರಾಗಲಿ ಮೋಸ ಮಾಡಿದ್ದಾರೆ ಎಂದುಕೊಳ್ಳಬೇಡಿ. ಅಂಗಡಿಯಲ್ಲಿ ಇದನ್ನು ನೆನಪಿನ ಕಾಣಿಕೆ ಎಂದೇ ಮಾರುತ್ತಿದ್ದರು. ಕೈ ಬದಲಾಗುತ್ತಾ ಹೋದಂತೆ ಅದು ‘ಮುತ್ತಜ್ಜನ ಮಗ್ಗು’ ಆಗಿಬಿಡುತ್ತದೆ.

ಆ 2,000 ಯೂರೋ ಜಾಹೀರಾತು ಬಿಟ್ಟುಬಿಡಿ. ಅದು ಮಾರುವವನ ಆಸೆ. ಅದೇ ಜಾಲತಾಣದಲ್ಲಿ ‘ಮಾರಾಟವಾದವು’ ಎಂದು ಬೇರೆ ಪಟ್ಟಿ ತೆಗೆಯಬಹುದು, ಅಲ್ಲಿರುವುದು ನಿಜವಾದ ಬೆಲೆ. ಹುಡುಕುವಾಗ ಜರ್ಮನ್ನಿನಲ್ಲಿ ‘ಬಿಯರ್‌ಕ್ರುಗ್’ ಎಂದು ಹಾಕಿ, ಜೊತೆಗೆ ಅಚ್ಚಿನ ನಂಬರ್. ಒಂದು ಕಾಲದಲ್ಲಿ ಬೆಲೆ ಇದಕ್ಕಿಂತ ಮೇಲಿತ್ತು, ಅದೂ ನಿಜ. ಅಮೆರಿಕದಲ್ಲಿ ದೊಡ್ಡ ಸಂಗ್ರಾಹಕರ ತಲೆಮಾರೊಂದಿತ್ತು. ಅವರಿಗೆ ವಯಸ್ಸಾಯಿತು, ಸಂಗ್ರಹಗಳು ಒಟ್ಟೊಟ್ಟಿಗೆ ಮಾರುಕಟ್ಟೆಗೆ ಬಂದವು. ಅಪರೂಪ ಎಂದುಕೊಂಡಿದ್ದ ಮಗ್ಗು ಇಂಟರ್‌ನೆಟ್ಟಿನಲ್ಲಿ ಹತ್ತಾರು ಸಿಕ್ಕಿತು. ಸಾಮಾನ್ಯ ಮಗ್ಗುಗಳ ಬೆಲೆ ಕುಸಿಯಿತು. ಹದಿನೆಂಟನೇ ಶತಮಾನದ ಫಯನ್ಸ್ ಎಂಬ ಬಿಳಿ ಹೊಳಪಿನ ಮಣ್ಣಿನ ಮಗ್ಗುಗಳು, ದಂತದಲ್ಲಿ ಕೆತ್ತಿದವು, ಜರ್ಮನಿಯ ಮೈಸೆನ್ ಊರಿನ ಪಿಂಗಾಣಿ, ಒಳ್ಳೆಯ ಕೊರೆತದ ಮೆಟ್ಲಾಖ್, ಇವುಗಳ ಲೋಕವೇ ಬೇರೆ. ಆ ಸಾಲಿಗೆ ನಿಮ್ಮ ಮೂರೂ ಸೇರುವುದಿಲ್ಲ.

ನಿಮ್ಮ ಯಜಮಾನರ ಪಾಲಿಶ್ ಯೋಜನೆಗೆ ಬರುತ್ತೇನೆ. ದಯವಿಟ್ಟು ಬೇಡ. ಪ್ಯೂಟರಿನ ಮಂದ ಬೂದು ಬಣ್ಣ ಕೊಳೆಯಲ್ಲ, ಅದು ವರ್ಷಗಳಲ್ಲಿ ತಾನಾಗಿ ಕೂತದ್ದು. ಉಜ್ಜಿ ಹೊಳಪು ಬರಿಸಿದರೆ ಬೆಲೆ ಇಳಿಯುತ್ತದೆ, ಕೆತ್ತನೆ ಸವೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು. ಡಿಶ್‌ವಾಷರ್‌ಗೆ ಖಂಡಿತ ಹಾಕಬೇಡಿ. ಹಳೆಯ ಪ್ಯೂಟರಿನಲ್ಲಿ ಸೀಸ ಇರಬಹುದು, ಹಾಗಾಗಿ ಹಳೆಯ ಎರಡು ಮಗ್ಗುಗಳಲ್ಲಿ ದಿನಾ ಕುಡಿಯುವುದು ಬೇಡ. ಬಿಯರ್ ಇರಲಿ, ನಿಂಬೆ ಪಾನಕ ಇರಲಿ, ಹುಳಿ ತಾಗಿದರೆ ಸೀಸ ಬಿಡುತ್ತದೆ. ಇದೇ ಕಾರಣಕ್ಕೆ ಮುಚ್ಚಿದ ಓಕ್ ಮರದ ಕಪಾಟೂ ಒಳ್ಳೆಯದಲ್ಲ, ಆ ಮರ ಬಿಡುವ ಆಮ್ಲದ ಆವಿ ಸೀಸಕ್ಕೆ ಆಗುವುದಿಲ್ಲ. ತೆರೆದ ಶೆಲ್ಫಿನಲ್ಲಿಡಿ. ಯಜಮಾನರಿಗೆ ಕುಡಿಯಲೇಬೇಕಾದರೆ ಹೊಸದೊಂದು ಕೊಳ್ಳಲಿ, ಅಂಗಡಿಯಲ್ಲಿ ಸಿಗುತ್ತದೆ.

ಮಾರುವುದಾದರೆ ಮೂರು ದಾರಿ. ಸ್ಥಳೀಯ ಸಂತೆಯಲ್ಲಿ ಕೊಟ್ಟರೆ ಕೈಯಲ್ಲಿ ದುಡ್ಡು, ಆದರೆ ಕಡಿಮೆ. ಅಲ್ಲಿ ಕೊಳ್ಳುವವರು ಮತ್ತೆ ಮಾರುವವರೇ. ಹರಾಜು ಸಂಸ್ಥೆಗಳು ಮಾರುವವರಿಂದಲೂ ಕೊಳ್ಳುವವರಿಂದಲೂ ಕಮಿಷನ್ ತೆಗೆದುಕೊಳ್ಳುತ್ತವೆ. ಫೋಟೋ, ವಿಮೆಗೆ ಬೇರೆ ಇರಬಹುದು. ನೂರು ಯೂರೋ ಮಗ್ಗಿಗೆ ಆ ಲೆಕ್ಕ ಹೊಂದುವುದು ಕಷ್ಟ, ಮೊದಲೇ ಕೇಳಿಕೊಳ್ಳಿ. ನೀವೇ ಆನ್‌ಲೈನಿನಲ್ಲಿ ಹಾಕಿದರೆ ಹೆಚ್ಚು ಉಳಿಯುತ್ತದೆ, ಒಡೆದು ತಲುಪಿದರೆ ಜಗಳವೂ ನಿಮ್ಮದೇ. ಬಿರುಕು, ಮುಚ್ಚಳದ ಸೀಳು, ಸೈನಿಕ ಮಗ್ಗು ನಕಲು ಎಂಬುದನ್ನು ವಿವರದಲ್ಲೇ ಬರೆದುಬಿಡಿ. ಮುಚ್ಚಳ ರಿಪೇರಿ ಮಾಡಿಸಿ ಮಾರಬೇಡಿ. ಒಳ್ಳೆಯ ಪ್ಯೂಟರ್ ಕೆಲಸದವನ ಕೂಲಿ ಮಗ್ಗಿನ ಬೆಲೆಯನ್ನೇ ನುಂಗಬಹುದು. ಇಟ್ಟುಕೊಳ್ಳುವುದಾದರೆ ಮಾತ್ರ ಮಾಡಿಸಿ, ಸೀಳು ಬೆಳೆಯುವ ಮುಂಚೆ.

ನನ್ನನ್ನು ಕೇಳಿದರೆ ಇಟ್ಟುಕೊಳ್ಳಿ ಎನ್ನುತ್ತೇನೆ. ಅಜ್ಜಿಯನ್ನು ನೋಡಲು ಹೋದಾಗ ಬೆಲೆಯ ಮಾತೂ ಹೇಳಿಬಿಡಿ, ನಿಮ್ಮ ಮನಸ್ಸು ಹಗುರವಾಗುತ್ತದೆ. ಹಾಗೇ ಆ ಮಗ್ಗುಗಳು ಯಾರ ಮನೆಯಿಂದ ಬಂದವು, ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅವರ ಮನೆಯವರಲ್ಲಿ ಯಾರಿಗಾದರೂ ಬೇಕಿದ್ದರೆ ಆಗಲೇ ಗೊತ್ತಾಗುತ್ತದೆ. ಮುಂದೆ ದಾವಣಗೆರೆಗೆ ತರುವುದಾದರೆ ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲಿ ತನ್ನಿ. ಮುಚ್ಚಳಕ್ಕೂ ಬಾಯಿಗೂ ನಡುವೆ ಮೆತ್ತನೆ ಬಟ್ಟೆ ಇಡಿ, ಮುಚ್ಚಳವನ್ನು ಬಿಗಿಯಾಗಿ ಕಟ್ಟಬೇಡಿ. ದಾರಿಯಲ್ಲಿ ಒಡೆಯುವ ಮಗ್ಗುಗಳಲ್ಲಿ ಹೆಚ್ಚಿನವಕ್ಕೆ ಏಟು ಕೊಡುವುದು ಅವುಗಳದೇ ಮುಚ್ಚಳ.

ಒಂದು ಬಾಕಿ ಇದೆ. ಎರಡನೇ ಮಗ್ಗಿನ ತಳದಲ್ಲಿ ಹಸಿರು ಮುದ್ರೆಯ ಪಕ್ಕದ ಅಂಕಿ ಫೋಟೋದಲ್ಲಿ ಮಸುಕಾಗಿದೆ. ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಹತ್ತಿರದಿಂದ ಇನ್ನೊಂದು ತೆಗೆದು ಕಳಿಸಿ. ಚಿತ್ರದ ನಂಬರ್ ಸಿಕ್ಕಿದರೆ ಅದನ್ನು ಬರೆದವರು ಯಾರು, ಬೆಲೆ ನಾನು ಹೇಳಿದ್ದಕ್ಕಿಂತ ಮೇಲೋ ಕೆಳಗೋ ಎಂಬುದನ್ನು ಖಚಿತವಾಗಿ ಹೇಳಬಹುದು.